ಬೆಂಕಿ ಕಾಲಕ್ಕೆ ಫೈರ್ ವಾಚರ್ ಕೆಲಸ: ಬ್ಲೋವರ್, ಹುಲ್ಲುಗುಡ್ಡ, ತಯಾರಿ ಬಗ್ಗೆ ತಿಳಿದವರು ಹೇಳಿ

ಹೊಸನಗರ_ಹುಡುಗ:
ಎಲ್ಲರಿಗೂ ನಮಸ್ಕಾರ. ಜನವರಿಯಿಂದ ಮಳೆ ಬೀಳೋವರೆಗೆ ದಿನಗೂಲಿ ಮೇಲೆ ಬೆಂಕಿ ಕಾವಲಿಗೆ ಜನ ತಗೊಳ್ತಾರಲ್ಲ, ಅದಕ್ಕೆ ನಮ್ಮೂರಿಂದ ಆರು ಜನ ಸೇರ್ತಿದ್ದೇವೆ. ನಮ್ಮ ಪಾಲಿಗೆ ಬಂದಿರೋದು ಕೆಳಗೆ ಎಲೆ ಉದುರೋ ಕಾಡು, ಅಲ್ಲಲ್ಲಿ ಬಿದಿರು ಮೆಳೆ, ಮೇಲೆ ಹುಲ್ಲುಗುಡ್ಡ. ಬ್ಲೋವರ್ (ಬೆನ್ನಿಗೆ ಹೊತ್ತು ಗಾಳಿ ಊದೋ ಯಂತ್ರ) ಒಂದಿದ್ದರೆ ಬೆಂಕಿಗೆ ಸೊಪ್ಪು ಬಡಿಯೋ ಕೆಲಸ ತಪ್ಪುತ್ತಾ? ಗುಡ್ಡದ ಬೆಂಕಿಗೆ ಎಲ್ಲಿಂದ ಕೈ ಹಾಕಬೇಕು? ಅಮೆರಿಕದಲ್ಲಿ ಕಾಡಿನ ಬೆಂಕಿ ಆರಿಸೋ ಹಾಟ್‌ಶಾಟ್ ತಂಡಗಳ ವಿಡಿಯೊ ನೋಡಿದ್ವಿ, ಅವರ ತಯಾರಿಯಲ್ಲಿ ನಮಗೆ ಹೊಂದುವಂಥದ್ದು ಏನಿದೆ?

ದರಗು_ಗುಡಿಸುವವ:
ಸೊಪ್ಪು ತಪ್ಪೋದಿಲ್ಲ ತಮ್ಮಾ. ಬ್ಲೋವರ್ ಕೆಲಸ ಮಾಡೋದು ದರಗಿನ ಮೇಲೆ ಮಾತ್ರ. ಸಡಿಲವಾಗಿ ಬಿದ್ದ ಒಣ ಎಲೆ, ಮೊಣಕಾಲಿಗಿಂತ ಕೆಳಗಿನ ಜ್ವಾಲೆ ಇದ್ದರೆ ಅದರಷ್ಟು ಚುರುಕಾದ ಸಾಧನ ಇನ್ನೊಂದಿಲ್ಲ. ಎದೆಯೆತ್ತರದ ಹುಲ್ಲು, ಲಂಟಾನ, ಒಣಗಿದ ಬಿದಿರು ಮೆಳೆ ಇದ್ದಲ್ಲಿ ಅದನ್ನು ಆನ್ ಮಾಡಲೇಬೇಡಿ, ಕಿಡಿ ಎತ್ತಿ ಆಚೆ ಎಸೆಯುತ್ತೆ.

ಮೂತಿ ನೆಲಕ್ಕೆ ತಗ್ಗಿರಬೇಕು, ಜ್ವಾಲೆಯ ಬುಡಕ್ಕೆ ಓರೆಯಾಗಿ, ಸುಟ್ಟ ಕಡೆಗೆ ಎಲೆ ತಳ್ಳೋ ಹಾಗೆ. ಮೂತಿ ಒಂದು ಗೇಣು ಮೇಲೆದ್ದರೂ ಕುಲುಮೆಗೆ ತಿದಿ ಒತ್ತಿದ ಹಾಗಾಗುತ್ತೆ. ಹಿಂದೆ ಇಬ್ಬರು ಹಸಿ ಸೊಪ್ಪು ಹಿಡಿದು ನಡೀಲೇಬೇಕು, ಯಾಕಂದ್ರೆ ಗಾಳಿ ಜ್ವಾಲೆ ಆರಿಸುತ್ತೆ, ಕೆಂಡ ಆರಿಸೋದಿಲ್ಲ. ಸೊಪ್ಪನ್ನು ತಲೆ ಮೇಲೆತ್ತಿ ಬಡಿಯಬೇಡಿ. ಒತ್ತಿ, ಹಾಗೇ ಸುಟ್ಟ ಕಡೆಗೆ ಎಳೀಬೇಕು. ಗಡಿಬಿಡಿಯಲ್ಲಿ ಹೊಳೆಗೇರಿನ ಕೊಂಬೆ ಮುರಿದುಬಿಟ್ಟರೆ ಅದರ ಸೊನೆಗೆ ಮೈಯೆಲ್ಲ ಬೊಬ್ಬೆ ಏಳುತ್ತೆ. ಆ ಮರದ ಗುರುತು ಆರೂ ಜನಕ್ಕೂ ಇರಲಿ.

ಟೂ ಸ್ಟ್ರೋಕ್ ಎಂಜಿನ್ ಆದರೆ ಸಾಮಾನ್ಯವಾಗಿ 50ಕ್ಕೆ 1, ಅಂದ್ರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಯಂತ್ರದ ಪುಸ್ತಕದಲ್ಲಿ ಬೇರೆ ಪ್ರಮಾಣ ಇದ್ದರೆ ಅದೇ ಸರಿ. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಹಿಡಿಯುತ್ತೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತೆ. ಬೂದಿಯಲ್ಲಿ ಓಡೋ ಯಂತ್ರವಾದ್ದರಿಂದ ಟ್ಯಾಂಕ್ ತುಂಬಿಸೋ ಪ್ರತಿ ಸಲ ಏರ್ ಫಿಲ್ಟರ್ ಬಿಚ್ಚಿ ಕೊಡವಿ. ಎಂಜಿನ್ ಆಫ್ ಮಾಡಿ, ತಣಿಯೋಕೆ ಬಿಟ್ಟು, ಬೆಂಕಿಯಿಂದ ದೂರ ಬೋಳು ನೆಲದ ಮೇಲೆ ತುಂಬಿಸಿ. ಬೆನ್ನಿಗೆ ಪೆಟ್ರೋಲ್ ಚೆಲ್ಲಿಕೊಂಡವನು ಅಂಗಿ ಬದಲಿಸದೆ ಬೆಂಕಿ ಹತ್ತಿರ ಹೋಗಬಾರದು.

ಬ್ಲೋವರಿನ ನಿಜವಾದ ಉಪಯೋಗ ಬೆಂಕಿ ಬೀಳೋ ಮೊದಲೇ ಇದೆ. ಬೆಂಕಿ ರೇಖೆಯ (ಬೆಂಕಿ ದಾಟದ ಹಾಗೆ ಬೋಳು ಮಾಡಿಡೋ ಪಟ್ಟಿ) ಎರಡೂ ಅಂಚು ಸವರಿ, ನಡುವಿನ ಹುಲ್ಲು ಒಣಗಿದ ಮೇಲೆ ಇಬ್ಬನಿ ಆರೋ ಹೊತ್ತಿಗೆ ಕಾವಲಿಟ್ಟು ಸುಡ್ತಾರೆ. ಜನವರಿಯಲ್ಲಿ ಅದು ಕನ್ನಡಿ ಹಾಗಿರುತ್ತೆ. ಫೆಬ್ರವರಿಯಲ್ಲಿ ತೇಗ, ಮತ್ತಿ ಎಲೆ ಉದುರಿ ಅದೇ ರೇಖೆ ಮುಚ್ಚಿಹೋಗುತ್ತೆ. ಮುಚ್ಚಿದ ರೇಖೆ ಬೆಂಕಿಯನ್ನು ತಡೆಯೋದಿಲ್ಲ, ದಾಟಿಸುತ್ತೆ. ವಾರ ಹತ್ತು ದಿನಕ್ಕೊಮ್ಮೆ ಮತ್ತೆ ಊದಿ ಮಣ್ಣು ಕಾಣಿಸಬೇಕು. ಬೇಸರದ ಕೆಲಸ, ಆದ್ರೆ ಇಡೀ ಸೀಸನ್ನಿನ ಕೆಲಸ ನಿಂತಿರೋದು ಇದರ ಮೇಲೇ.

ಗುಡ್ಡದ_ಪಕ್ಕೆ:
ಹುಲ್ಲುಗುಡ್ಡದ ಪ್ರಶ್ನೆಗೆ ಉತ್ತರಿಸುತ್ತೇನೆ, ದಯವಿಟ್ಟು ಆರೂ ಜನ ಓದಿ. ಬೆಂಕಿಗಿಂತ ಮೇಲೆ ನಿಲ್ಲಬೇಡಿ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಾಗ ಏರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒಪ್ಪಿತ ಲೆಕ್ಕ. 20 ಡಿಗ್ರಿ ಗುಡ್ಡದಲ್ಲಿ ಅದು ನಾಲ್ಕು ಪಟ್ಟು. ಏರು ಹತ್ತುವ ಮನುಷ್ಯನ ವೇಗ ಮಾತ್ರ ಇಳಿಯುತ್ತಲೇ ಹೋಗುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರ ಜೀವ ಹೋದದ್ದು ಇಂಥ ಹುಲ್ಲಿನ ಇಳಿಜಾರಿನಲ್ಲೇ. ಎರಡು ಗುಡ್ಡದ ನಡುವಿನ ಕಿರಿದಾದ ಕೊರಕಲು ಇನ್ನೂ ಕೆಟ್ಟದ್ದು, ಹೊಗೆಕೊಳವೆಯಂತೆ ಎಳೆಯುತ್ತದೆ.

ಬೆಂಕಿಗೆ ಬಾಲ (ಹಿಂದಿನ ತುದಿ), ಎರಡು ಪಕ್ಕೆ, ತಲೆ (ಮುನ್ನುಗ್ಗುವ ತುದಿ) ಇರುತ್ತವೆ. ಕೈ ಹಾಕುವುದು ಬಾಲದಿಂದ. ರಸ್ತೆಯೋ ಹಳ್ಳವೋ ಪೂರ್ತಿ ಸುಟ್ಟ ಜಾಗವೋ ಬೆನ್ನಿಗಿರಬೇಕು, ಇಲ್ಲದಿದ್ದರೆ ನೀವು ಮುಂದೆ ಹೋದಂತೆ ಬೆಂಕಿ ಹಿಂದಿನಿಂದ ಸುತ್ತುತ್ತದೆ. ಅಲ್ಲಿಂದ ಪಕ್ಕೆಗುಂಟ ಆರಿಸುತ್ತ, ಒಂದು ಕಾಲು ಕಪ್ಪು ನೆಲಕ್ಕೆ ತಾಗುವಷ್ಟು ಹತ್ತಿರದಲ್ಲೇ ಮೇಲಕ್ಕೆ ಹೋಗಿ ತಲೆಯನ್ನು ಕಿರಿದು ಮಾಡುತ್ತ ಬನ್ನಿ. ಹೊಸದಾಗಿ ಸವರುವ ಗೆರೆಯ ಅಗಲ ಹುಲ್ಲಿನ ಎತ್ತರದ ಒಂದೂವರೆ ಪಟ್ಟಾದರೂ ಇರಲಿ. ಬೆಂಕಿಯ ಕೆಳಮಗ್ಗುಲಲ್ಲಿ ಗೆರೆ ತೆಗೆದರೆ ಅಲ್ಲೊಂದು ಚರಂಡಿ ತೋಡಿ, ಕೆಳಗಿನ ಅಂಚಿಗೆ ಮಣ್ಣಿನ ಬದು ಕಟ್ಟಿ. ಉರಿಯುವ ಕೊರಡು ಉರುಳಿ ಬಂದು ಗೆರೆ ದಾಟುವುದು ಅಲ್ಲೇ.

ಬೆಳಿಗ್ಗೆ ಬೀಸುವ ಮೂಡಗಾಳಿ ಮಧ್ಯಾಹ್ನದ ಮೇಲೂ ಹಾಗೇ ಇರುತ್ತದೆಂದು ನಂಬಬೇಡಿ. ಘಟ್ಟದಂಚಿನಲ್ಲಿ ಕಡಲ ಕಡೆಯ ಗಾಳಿ ಹತ್ತಿ ಬಂದರೆ ಇಷ್ಟು ಹೊತ್ತು ಸುಮ್ಮನಿದ್ದ ಪಕ್ಕೆಯೇ ತಲೆಯಾಗುತ್ತದೆ. ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಯ ಮುಂದಿನ ಹುಲ್ಲನ್ನು ನಾವೇ ಮೊದಲು ಸುಡುವ ನಿರ್ಧಾರ ನಿಮ್ಮದಲ್ಲ. ವಲಯ ಅರಣ್ಯಾಧಿಕಾರಿ ಹೇಳಬೇಕು, ಆ ಕಡೆ ಯಾರೂ ಇಲ್ಲವೆಂದು ಖಾತ್ರಿಯಾಗಿರಬೇಕು.

ಬೂಟು_ಮತ್ತು_ಹತ್ತಿ:
ಹಾಟ್‌ಶಾಟ್ ಬಗ್ಗೆ ಕೇಳಿದ್ದೀರಿ. ಅದು ಸುಮಾರು 20 ಜನರ ತಂಡ, ಮುಖ್ಯ ಕೆಲಸ ಕೈಯಲ್ಲೇ ಗೆರೆ ತೆಗೆಯುವುದು. ಮುಂದೆ ಗರಗಸದವರು, ಹಿಂದೆ ಕಡಿಯುವವರು, ಕೊನೆಯಲ್ಲಿ ಕೆರೆಯುವವರು, ಆಯುಧ ತಾಗದಂತೆ ಒಬ್ಬರಿಂದೊಬ್ಬರಿಗೆ ಹತ್ತಡಿ ಅಂತರ. ಪುಲಾಸ್ಕಿ ಎಂಬ ಅವರ ಆಯುಧಕ್ಕೆ ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. ನೀವು ಆರು ಜನ ಇಬ್ಬರು ಕತ್ತಿ, ಇಬ್ಬರು ಗುದ್ದಲಿ, ಒಬ್ಬರು ರೇಕ್ ಹಿಡಿದರೆ ಅದೇ ಕ್ರಮ ನಡೆಯುತ್ತದೆ. ಆರನೆಯವರ ಕೈಯಲ್ಲಿ ಆಯುಧ ಬೇಡ. ಬೆಂಕಿ, ಗಾಳಿ ಎರಡೂ ಕಾಣುವ ಜಾಗದಲ್ಲಿ ನಿಂತು ನೋಡುವುದೇ ಅವರ ಕೆಲಸ. ನೋಡುವ ಕಣ್ಣು, ಕೂಗಿದರೆ ಕೇಳುವ ಸಂಪರ್ಕ, ಓಡುವ ದಾರಿ, ಹೋಗಿ ಸೇರುವ ಜಾಗ: ಈ ನಾಲ್ಕು ಖಚಿತವಾಗದೆ ಅಲ್ಲಿ ಕೆಲಸ ಶುರುವಾಗುವುದಿಲ್ಲ. ಇಷ್ಟಕ್ಕೆ ದುಡ್ಡು ಬೇಡ, ಇದನ್ನು ಇಲ್ಲೂ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅವರ ದೇಹಪರೀಕ್ಷೆಯಲ್ಲಿ 20 ಕೆಜಿ ಚಿಲ್ಲರೆ ಹೊರೆ ಹೊತ್ತು ಸಮತಟ್ಟು ನೆಲದಲ್ಲಿ 4.8 ಕಿಲೋಮೀಟರನ್ನು 45 ನಿಮಿಷದೊಳಗೆ ನಡೆಯಬೇಕು, ಓಡುವಂತಿಲ್ಲ. ಡಿಸೆಂಬರಿನಲ್ಲಿ 8 ಕೆಜಿಯಿಂದ ಶುರು ಮಾಡಿ ವಾರವಾರ ಏರಿಸಿ.

ಬಟ್ಟೆ ಪೂರ್ತಿ ಹತ್ತಿಯದು, ಒಳಉಡುಪು ಸೇರಿ. ಪಾಲಿಯೆಸ್ಟರ್ ಜರ್ಸಿ ಕರಗಿ ಚರ್ಮಕ್ಕೆ ಅಂಟುತ್ತದೆ. ಅಂಟು ಹಾಕಿದ ಸೋಲಿನ ಶೂ ಬಿಸಿ ಬೂದಿಯಲ್ಲಿ ಬಾಯಿ ಬಿಡುತ್ತದೆ, ಹೊಲಿಗೆಯ ಚರ್ಮದ ಬೂಟೇ ಬೇಕು. ಕುಡಿಯಲು ಒಬ್ಬೊಬ್ಬರಿಗೆ ನಾಲ್ಕೈದು ಲೀಟರ್ ನೀರು, ಜೊತೆಗೆ ಓಆರ್‌ಎಸ್. ಕಾಲು ಗಂಟೆಗೊಮ್ಮೆ ಒಂದು ಲೋಟ, ಬಾಯಾರುವವರೆಗೆ ಕಾಯಬೇಡಿ.

ಹೊಸನಗರ_ಹುಡುಗ:
ತುಂಬಾ ಉಪಕಾರವಾಯ್ತು. ಇನ್ನೆರಡು ಸಂಶಯ. ಹೊಗೆಗೆ ಮುಖಕ್ಕೆ ಒದ್ದೆ ಟವೆಲ್ ಕಟ್ಟಿದರೆ ಸಾಕಾ? ಮತ್ತೆ ಸ್ಯಾಟಲೈಟ್ ಸಂದೇಶ ತೋರಿಸಿದ ಜಾಗಕ್ಕೆ ಹೋದರೆ ಏನೂ ಇರೋದಿಲ್ಲ ಅಂತಾರಲ್ಲ, ಯಾಕೆ?

ಬೂಟು_ಮತ್ತು_ಹತ್ತಿ:
ಒದ್ದೆ ಬಟ್ಟೆ ಬೂದಿಯನ್ನು ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ. ಜ್ವಾಲೆಗೆ ತೀರ ಹತ್ತಿರ ಹೋದರೆ ಅದರ ನೀರೇ ಆವಿಯಾಗಿ ಸುಡುತ್ತದೆ. ಯಾರಿಗಾದರೂ ತಲೆನೋವು, ವಾಕರಿಕೆ, ಮಾತು ತೊದಲುವುದು ಕಂಡರೆ ತಕ್ಷಣ ಹೊಗೆಯಿಂದ ಹೊರಗೆ ಕರೆದುಕೊಂಡು ಹೋಗಿ, ಜೊತೆಗೆ ಒಬ್ಬರು ಇರಿ.

ದರಗು_ಗುಡಿಸುವವ:
ಫಾರೆಸ್ಟ್ ಸರ್ವೆ ಆಫ್ ಇಂಡಿಯಾ ಕಳಿಸೋ ಸಂದೇಶದಲ್ಲಿ ವಿಐಐಆರ್‌ಎಸ್ (ಉಪಗ್ರಹಗಳಲ್ಲಿರೋ, ಬೆಂಕಿ ಗುರುತಿಸೋ ಸಾಧನ) ಅಂತಿದ್ದರೆ ಅದರ ಚಿತ್ರದ ಒಂದು ಚೌಕ 375 ಮೀಟರ್. ನಿಮಗೆ ಸಿಗೋದು ಚೌಕದ ನಡುಬಿಂದು, ಬೆಂಕಿ ಮೂಲೆಯಲ್ಲಿರಬಹುದು. ಹಾಗಾಗಿ ಬಿಂದುವಿನ ಸುತ್ತ ಮುನ್ನೂರು ಮೀಟರ್ ಹುಡುಕಿ. ಆ ಉಪಗ್ರಹಗಳು ಹಾದುಹೋಗೋದು ಮಧ್ಯಾಹ್ನ, ರಾತ್ರಿ ಒಂದೂವರೆ ಆಸುಪಾಸಿಗೆ. ಮೂರು ಗಂಟೆಗೆ ಬಿದ್ದ ಬೆಂಕಿ ಅವುಗಳ ಕಣ್ಣಿಗೆ ಬೀಳೋದು ರಾತ್ರಿಗೇ. ಅದಕ್ಕೇ ಗುಡ್ಡದ ನೆತ್ತಿಯ ಕಾವಲನ್ನು ಮಧ್ಯಾಹ್ನ ಊಟಕ್ಕೂ ಖಾಲಿ ಬಿಡಬೇಡಿ.

ಆರಿತು ಅಂತ ಹೊರಡೋ ಮೊದಲು ಅಂಚಿನಿಂದ ಒಳಕ್ಕೆ ಇಪ್ಪತ್ತು ಮೂವತ್ತು ಮೀಟರ್ ನೋಡಿ. ಬೂದಿ ಬೆಳ್ಳಗೆ, ಮೆತ್ತಗಿದ್ದರೆ ಅಡಿಯಲ್ಲಿ ಕೆಂಡ ಇದೆ. ಅಂಗೈ ಬೇಡ, ಹಿಂಗೈ ಹತ್ತಿರ ತಂದು ಕಾವು ನೋಡಿ, ಕೆದಕಿ, ಮಣ್ಣು ಕಲಸಿ, ಮತ್ತೆ ಮುಟ್ಟಿ. ಒಣ ಸೆಗಣಿ, ಆನೆ ಲದ್ದಿ, ಬಿದಿರಿನ ಬುಡ ಇವು ದಿನಗಟ್ಟಲೆ ಹೊಗೆಯಾಡುತ್ತವೆ. ಟೊಳ್ಳು ಮರ ಒಳಗೇ ಉರೀತಿದ್ದರೆ ತುದಿಯಿಂದ ಕಿಡಿ ಹಾರುತ್ತೆ, ಕೊಂಬೆ ಸದ್ದಿಲ್ಲದೆ ಬೀಳುತ್ತೆ. ಮರದ ಎತ್ತರದ ಎರಡರಷ್ಟು ದೂರ ನಿಂತು ಸುತ್ತ ದರಗು ಗುಡಿಸಿ, ಮಾರನೇ ದಿನ ಬಿಸಿಲೇರಿದ ಮೇಲೆ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ ಬನ್ನಿ.