ಕಲಬುರಗಿ ಬಿಸಿಲು: ಕೂಲರ್ ಹಾಕಿದರೂ ಮೊಲ ಮೂಲೆ ಬಿಟ್ಟು ಏಳುತ್ತಿಲ್ಲ

ಹಿತ್ತಲಮನೆ, ಕಲಬುರಗಿ (ಮೇ 6, ಮಧ್ಯಾಹ್ನ 2:40)

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನಮ್ಮ ಮನೆಯಲ್ಲಿ ಎರಡು ಮೊಲಗಳಿವೆ. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ಬಂದವು, ಹಾಗಾಗಿ ಹೆಸರು ಎಳ್ಳು ಮತ್ತು ಬೆಲ್ಲ. ಎಳ್ಳು ಕಪ್ಪು, ಸುಮಾರು 2 ಕಿಲೋ ತೂಗುತ್ತದೆ. ಬೆಲ್ಲ ಅದಕ್ಕಿಂತ ಸಣ್ಣದು.

ಇಲ್ಲಿ ವಾರದಿಂದ 42 ಡಿಗ್ರಿ. ಎಳ್ಳು ನಿನ್ನೆ ರಾತ್ರಿಯಿಂದ ಮೂಲೆ ಹಿಡಿದಿದೆ. ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರೆ ಮುಚ್ಚಿಕೊಂಡು ಕೂತದ್ದು ಕೂತೇ ಇದೆ. ಬೆಳಿಗ್ಗೆ ಕೊತ್ತಂಬರಿ ಹಿಡಿದರೆ ಮುಖ ತಿರುಗಿಸಿತು. ಕೊತ್ತಂಬರಿಯ ವಾಸನೆ ಬಂದರೆ ಸಾಕು, ನನ್ನ ಸೀರೆಯ ಅಂಚು ಹಿಡಿದು ಎಳೆಯುವ ಪ್ರಾಣಿ ಅದು. ಬಿಸಿಲು ಬಡಿದಿದೆ ಎಂದುಕೊಂಡು ಕೂಲರನ್ನು ಅದರ ಕಡೆಗೇ ತಿರುಗಿಸಿ, ಮೈಮೇಲೆ ಒದ್ದೆ ಟವೆಲ್ ಹೊದಿಸಿದ್ದೇನೆ. ನಮ್ಮದು ಶಹಾಬಾದ್ ಕಲ್ಲಿನ ನೆಲ, ಅದಕ್ಕೂ ನೀರು ಚಿಮುಕಿಸಿದ್ದೇನೆ.

ನನಗೆ ಅರ್ಥವಾಗದ ವಿಷಯವೆಂದರೆ, ಬೆಲ್ಲ ಅದೇ ನೆಲದ ಮೇಲೆ ಕಾಲು ಚಾಚಿ ಹಾಯಾಗಿ ಮಲಗಿದೆ. ಮನೆ ಒಂದೇ, ಬಿಸಿಲು ಒಂದೇ. ಎಳ್ಳಿಗೆ ಮಾತ್ರ ಹೀಗೇಕೆ? ಅತ್ತೆಯವರು ಕಾಮಕಸ್ತೂರಿ ಬೀಜದ ನೀರು ಕುಡಿಸೋಣ ಎನ್ನುತ್ತಿದ್ದಾರೆ. ಕುಡಿಸಬಹುದೇ?

ಕಡಲತಡಿ, ಮಂಗಳೂರು (2:55)

ಅಕ್ಕ, ನಮ್ಮ ಮೊಲಕ್ಕೂ ಏಪ್ರಿಲಿನಲ್ಲಿ ಹೀಗೇ ಆಗಿತ್ತು. ಕೂಲರನ್ನು ನಂಬಬೇಡಿ. ನಮ್ಮಲ್ಲಿ ಅದನ್ನು ಹಾಕಿದರೆ ಇಡೀ ಮನೆ ಬಚ್ಚಲಾಗುತ್ತದೆ, ತಂಪು ಮಾತ್ರ ಬರುವುದಿಲ್ಲ. ಒಂದು ಬಾಟಲಿ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಕಿವಿಗಳಿಗೆ ನೀರು ಸವರಿ. ಮೊಲಕ್ಕೆ ಬೆವರುವುದು ಗೊತ್ತಿಲ್ಲ, ಮೈಯ ಕಾವು ಹೊರಹೋಗುವುದು ಮುಖ್ಯವಾಗಿ ಕಿವಿಯಿಂದಲೇ.

ಮೊಲದಜ್ಜ, ಮೈಸೂರು (3:04)

ಬಾಟಲಿ ಇಡುವ ಮುನ್ನ ಒಂದು ನಿಮಿಷ ತಡೆಯಿರಿ ತಾಯಿ. ಕಲಬುರಗಿಯ ಒಣಹವೆಯಲ್ಲಿ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದು ಬೇರೆ ಮಾತು. ನನಗೆ ನಾಲ್ಕು ವಿಷಯ ಬೇಕು. ಈಗ ಎಳ್ಳಿನ ಕಿವಿ ಮುಟ್ಟಿ ನೋಡಿ, ಬಿಸಿಯೋ ತಣ್ಣಗೋ? ಬಾಯಿ ತೆರೆದು ಏದುಸಿರು ಬಿಡುತ್ತಿದೆಯೇ, ಜೊಲ್ಲು ಸುರಿಯುತ್ತಿದೆಯೇ? ಕೊನೆಯ ಹಿಕ್ಕೆ ಯಾವಾಗ ಬಿತ್ತು, ಹೇಗಿತ್ತು? ಕಳೆದ ಒಂದು ವಾರದಲ್ಲಿ ಅದರ ಹೊಟ್ಟೆಗೆ ಏನೇನು ಹೋಗಿದೆ? ನೀವು ಕೊಟ್ಟದ್ದನ್ನಷ್ಟೇ ಅಲ್ಲ, ಮನೆಯವರೆಲ್ಲ ಕೊಟ್ಟದ್ದನ್ನು ಬರೆಯಿರಿ. ಕೂಡುಕುಟುಂಬದ ಮೊಲದ ನಿಜವಾದ ಆಹಾರ ಯಾವ ಒಬ್ಬರಿಗೂ ಪೂರ್ತಿ ಗೊತ್ತಿರುವುದಿಲ್ಲ.

ಕಾಮಕಸ್ತೂರಿ ಬೀಜ ಬೇಡ. ನೀರು ಕುಡಿದು ಉಬ್ಬುವ ಬೀಜವನ್ನು ನಿಂತ ಹೊಟ್ಟೆಗೆ ಹಾಕಬಾರದು.

ಹಿತ್ತಲಮನೆ (3:15)

ಅಜ್ಜನವರೇ, ಕಿವಿ ತಣ್ಣಗಿದೆ. ಐಸ್‌ ಮುಟ್ಟಿದ ಹಾಗಲ್ಲ, ಆದರೆ ಬೆಲ್ಲನ ಕಿವಿಗಿಂತ ಖಂಡಿತ ತಣ್ಣಗಿದೆ. ಏದುಸಿರಿಲ್ಲ, ಜೊಲ್ಲಿಲ್ಲ. ಹಲ್ಲು ಕಟಕಟ ಎನ್ನಿಸುತ್ತಿದೆ. ನಿನ್ನೆ ಸಂಜೆ ನಾಲ್ಕಾರು ಹಿಕ್ಕೆ ಬಿದ್ದಿದ್ದವು, ಮೆಣಸಿನಕಾಳಿನಷ್ಟು ಸಣ್ಣವು. ಆಮೇಲೆ ಒಂದೂ ಇಲ್ಲ. ಮೂರು ದಿನದಿಂದ ಹಿಂಭಾಗದಲ್ಲಿ ಕಪ್ಪಗೆ ಅಂಟಂಟಾಗಿ ಮೆತ್ತಿಕೊಳ್ಳುತ್ತಿತ್ತು, ನಾನು ಒರೆಸುತ್ತಿದ್ದೆ.

ತಿಂದದ್ದನ್ನು ಮನೆಯವರನ್ನೆಲ್ಲ ಕೂರಿಸಿ ಕೇಳಿದೆ. ಹಿತ್ತಲಿನ ಗರಿಕೆ ಏಪ್ರಿಲಿನಲ್ಲೇ ಒಣಗಿತು. ತರಿಸುತ್ತಿದ್ದ ಒಣಹುಲ್ಲಿನ ಪ್ಯಾಕೆಟ್ ಮುಗಿದು ಹತ್ತು ದಿನವಾಯಿತು, ಹೊಸದು ಇನ್ನೂ ಬಂದಿಲ್ಲ. ಅಷ್ಟರತನಕ ಅಡುಗೆಮನೆಯದೇ ಇರಲಿ ಎಂದು ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ ಸಿಪ್ಪೆ, ಕ್ಯಾರೆಟ್ ಕೊಡುತ್ತಿದ್ದೆ. ಮಾವನವರು ಚಹಾ ಹೊತ್ತಿಗೆ ದಿನವೂ ಕಟಕ ರೊಟ್ಟಿಯ ತುಂಡು ಹಾಕುತ್ತಿದ್ದರಂತೆ. ನನಗೆ ಇವತ್ತೇ ಗೊತ್ತಾದದ್ದು.

ಇನ್ನೊಂದಿದೆ. ಎರಡು ವರ್ಷದಿಂದ ನಾವು ಹಾಲು ಮೊಸರು ಬಿಟ್ಟಿದ್ದೇವೆ. ಶೇಂಗಾ ನೆನೆಸಿ, ರುಬ್ಬಿ, ಸೋಸಿ, ಆ ಹಾಲನ್ನು ಕಾಯಿಸಿ, ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪು ಹಾಕುತ್ತೇನೆ. ಬೇಸಿಗೆಯಲ್ಲಿ ದಿನವೂ ಮಜ್ಜಿಗೆ ಬೇಕಲ್ಲ. ಸೋಸಿದ ಮೇಲೆ ಉಳಿಯುವ ಶೇಂಗಾ ಚರಟವನ್ನು ಮೊಲಗಳಿಗೆ ಇಡುತ್ತಿದ್ದೆ. ಬೆಲ್ಲ ಮೂಸಿ ಬಿಟ್ಟುಬಿಡುತ್ತದೆ. ಎಳ್ಳು ಬಟ್ಟಲು ನೆಕ್ಕುತ್ತದೆ.

ಮೊಲದಜ್ಜ (3:22)

ಸಿಕ್ಕಿತು. ಮೊದಲು ಒದ್ದೆ ಟವೆಲ್ ತೆಗೆಯಿರಿ, ಕೂಲರನ್ನು ಬೇರೆ ಕಡೆಗೆ ತಿರುಗಿಸಿ. ಇದು ಬಿಸಿಲಿನ ಹೊಡೆತವಲ್ಲ. ಬಿಸಿಲು ಬಡಿದ ಮೊಲದ ಕಿವಿ ಕೆಂಪಾಗಿ ಸುಡುತ್ತದೆ, ಉಸಿರು ಓಡುತ್ತದೆ, ಮೈ ಸೋತು ಚೆಲ್ಲಿಕೊಳ್ಳುತ್ತದೆ. ನಿಮ್ಮದು ಮುದುಡಿ ಕೂತಿದೆ, ಹಲ್ಲು ಕಡಿಯುತ್ತಿದೆ, ಕಿವಿ ತಣ್ಣಗಿದೆ. ಹಲ್ಲು ಕಡಿಯುವುದು ಹೊಟ್ಟೆನೋವಿಗೆ. ಕರುಳು ನಿಂತಿದೆ. ಕರುಳು ನಿಂತ ಮೊಲದ ಮೈ ತಾನಾಗಿಯೇ ತಣ್ಣಗಾಗುತ್ತದೆ. ಅದರ ಮೇಲೆ ನೀವು ಇನ್ನಷ್ಟು ತಂಪು ಸುರಿಯುತ್ತಿದ್ದೀರಿ. ನಿಮ್ಮನ್ನು ಬೈಯುತ್ತಿಲ್ಲ, 42 ಡಿಗ್ರಿಯಲ್ಲಿ ಯಾರಾದರೂ ಬಿಸಿಲನ್ನೇ ದೂರುತ್ತಾರೆ.

ಮೈ ಒರೆಸಿ ಒಣಬಟ್ಟೆಯ ಮೇಲೆ ಕೂರಿಸಿ. ಉಗುರುಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮಗ್ಗುಲಿಗೆ ಮಾತ್ರ ಇಡಿ, ಬೇಡವೆನಿಸಿದರೆ ಸರಿದುಕೊಳ್ಳಲು ಜಾಗವಿರಲಿ. ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ನೋಡಿ. ತಮಟೆಯಂತೆ ಬಿಗಿದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಹೇಗಿದ್ದರೂ ಈಗಲೇ ಪಶುವೈದ್ಯರ ಬಳಿಗೆ ಹೊರಡಿ. 12 ಗಂಟೆ ಏನನ್ನೂ ತಿನ್ನದ ಮೊಲವನ್ನು ನಾಳೆ ನೋಡೋಣ ಎನ್ನುವಂತಿಲ್ಲ. ಮೊದಲು ಫೋನ್ ಮಾಡಿ, ಮೊಲವನ್ನು ನೋಡಿದ ಅನುಭವವಿದೆಯೇ ಎಂದು ಕೇಳಿ. ಅಮಾಕ್ಸಿಸಿಲಿನ್ ತರಹದ ಔಷಧಿಯನ್ನು ಬಾಯಿಗೆ ಹಾಕಿದರೆ ಮೊಲ ಉಳಿಯುವುದೇ ಕಷ್ಟ. ನಾಯಿಬೆಕ್ಕುಗಳಿಗೆ ಅದು ಒಗ್ಗುತ್ತದೆಂದು ಮನೆಯಲ್ಲಿರುವ ಮಾತ್ರೆಯನ್ನು ಪುಡಿಮಾಡಿ ಕೊಡುವವರನ್ನು ನಾನು ಕಂಡಿದ್ದೇನೆ.

ಬುಟ್ಟಿಯಲ್ಲಿ ಬೆಲ್ಲನನ್ನೂ ಜೊತೆಗೆ ಕೂರಿಸಿ. ಜೊತೆಗಾರ ಇದ್ದರೆ ಹೆದರಿಕೆ ಕಡಿಮೆ.

ಹಿತ್ತಲಮನೆ (3:25)

ಹೊಟ್ಟೆ ಬಿಗಿದಿಲ್ಲ, ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಿದೆ. ಹೊರಟೆವು.

ಬಾಲ್ಕನಿ ಬೇಸಾಯ, ಬೆಂಗಳೂರು (5:10)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮೊಲದ ಮೂತ್ರ ನಿನ್ನೆಯಿಂದ ಕೆಂಪಾಗಿದೆ. ತಿನ್ನುವುದು, ಓಡುವುದು ಎಲ್ಲ ಸರಿಯಾಗಿದೆ. ರಕ್ತವೇ?

ಮೊಲದಜ್ಜ (5:18)

ಬಹುತೇಕ ಸಂದರ್ಭಗಳಲ್ಲಿ ಸೊಪ್ಪಿನ ಬಣ್ಣ. ತಿಂದದ್ದಕ್ಕೆ ತಕ್ಕಂತೆ ಮೊಲದ ಮೂತ್ರ ಹಳದಿಯಿಂದ ಇಟ್ಟಿಗೆ ಬಣ್ಣದವರೆಗೂ ಹೋಗುತ್ತದೆ. ಹೆಪ್ಪುಗಟ್ಟಿದ ಚುಕ್ಕೆ ಕಂಡರೆ, ಮೂತ್ರ ಮಾಡಲು ತಿಣುಕುತ್ತಿದ್ದರೆ, ಅಥವಾ ಎರಡು ಮೂರು ದಿನದಲ್ಲಿ ಬಣ್ಣ ತಿರುಗದಿದ್ದರೆ ಪರೀಕ್ಷೆ ಮಾಡಿಸಿ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಆ ತಾಯಿಗೆ ಕಾಯುತ್ತಿದ್ದೇವೆ.

ಹಿತ್ತಲಮನೆ (ರಾತ್ರಿ 9:30)

ಬಂದೆವು. ಮೈಯ ತಾಪ 37.4 ಡಿಗ್ರಿ ಇತ್ತು. ಮೊಲಕ್ಕೆ 38.5ರಿಂದ 40 ಇರಬೇಕಂತೆ. ಹೊರಗೆ ಬೆಂಕಿ ಸುರಿಯುತ್ತಿದೆ, ಒಳಗೆ ಈ ಪ್ರಾಣಿ ತಣ್ಣಗಾಗುತ್ತಿತ್ತು. ನಾನು ಅದಕ್ಕೆ ಒದ್ದೆ ಟವೆಲ್ ಹೊದಿಸಿ ಗಾಳಿ ಬೀಸುತ್ತಿದ್ದೆ. ನೆನೆದರೆ ಕೈ ನಡುಗುತ್ತದೆ.

ಕರುಳಿನಲ್ಲಿ ಏನೂ ಸಿಕ್ಕಿಕೊಂಡಿಲ್ಲ, ನಿಧಾನವಾಗಿದೆ ಅಷ್ಟೇ ಎಂದರು. ಚರ್ಮದಡಿ ದ್ರವ ಕೊಟ್ಟು, ನೋವಿಗೆ ಮತ್ತು ಕರುಳು ಚಲಿಸಲು ಔಷಧಿ ಕೊಟ್ಟಿದ್ದಾರೆ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಮೊಲದ ಗುಳಿಗೆ ಆಹಾರ) ನೆನೆಸಿ ಗಂಜಿಯಂತೆ ಮಾಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಬೇಕು. ಮಾವನವರು ಹಿಕ್ಕೆ ಬೀಳುವ ಟ್ರೇ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಿದ್ದಾರೆ. ಯಾರೊಂದಿಗೂ ಮಾತಿಲ್ಲ.

ಹಿತ್ತಲಮನೆ (ಮೇ 7, ಬೆಳಿಗ್ಗೆ 5:20)

ಏಳು ಹಿಕ್ಕೆ! ಮಾವನವರು ಎಣಿಸಿ ನನ್ನನ್ನು ಎಬ್ಬಿಸಿದರು. ಎರಡು ಸಣ್ಣವು, ಐದು ಪರವಾಗಿಲ್ಲ.

ಮೊಲದಜ್ಜ (6:02)

ಹಿಕ್ಕೆಗೆ ಇಷ್ಟು ಸಂತೋಷಪಡುವವರು ಮೊಲ ಸಾಕುವವರು ಮಾತ್ರ. ಔಷಧಿ ಹೇಳಿದಷ್ಟು ದಿನವೂ ನಡೆಯಲಿ.

ಈಗ ಕಾರಣದ ಮಾತು. ಮೊಲದ ಕರುಳು ನಾರಿನಿಂದ ಓಡುವ ಯಂತ್ರ. ತಿನ್ನುವುದರಲ್ಲಿ ನೂರಕ್ಕೆ 80 ಪಾಲು ಹುಲ್ಲೇ ಆಗಿರಬೇಕು, ಹಸಿಯದೋ ಒಣಗಿದ್ದೋ. ಹುಲ್ಲು ಅಗಿದಾಗಲೇ ಹಲ್ಲು ಸವೆಯುವುದು, ಅದರ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಬಿಸಿಲು ಮೊಲವನ್ನು ನೇರವಾಗಿ ಹೊಡೆಯಲಿಲ್ಲ, ಗರಿಕೆಯನ್ನು ಒಣಗಿಸಿತು. ಖಾಲಿಯಾದ ಜಾಗಕ್ಕೆ ಅಡುಗೆಮನೆ ಬಂತು. ಕಲ್ಲಂಗಡಿಯಲ್ಲಿ ನೀರು ಮತ್ತು ಸಕ್ಕರೆ, ರೊಟ್ಟಿಯಲ್ಲಿ ಪಿಷ್ಟ, ಶೇಂಗಾದಲ್ಲಿ ಎಣ್ಣೆ. ನಾರು ಎಲ್ಲಿದೆ? ಮನುಷ್ಯರಿಗೆ ಒಳ್ಳೆಯ ಸಸ್ಯಾಹಾರವೆಲ್ಲ ಮೊಲಕ್ಕೂ ಒಳ್ಳೆಯದೆಂದು ತಿಳಿಯುವುದು ನಿಮ್ಮೊಬ್ಬರ ತಪ್ಪಲ್ಲ. ಚರಟದಲ್ಲಿ ಇನ್ನೊಂದು ಅಪಾಯವೂ ಇದೆ: ಈ ಸೆಕೆಯಲ್ಲಿ ಅದು ಗಂಟೆಗಳಲ್ಲೇ ಹುಳಿಯುತ್ತದೆ, ಮುಗ್ಗಿದ ಶೇಂಗಾದಲ್ಲಿರುವ ಬೂಷ್ಟಿನ ವಿಷ ಮೊಲವನ್ನು ಬಹುಬೇಗ ಹಿಡಿಯುತ್ತದೆ.

ಆ ಕಪ್ಪು ಅಂಟು ಭೇದಿಯಲ್ಲ. ಮೊಲ ರಾತ್ರಿ ಹೊತ್ತು ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆ ಹಾಕಿ ತಾನೇ ತಿನ್ನುತ್ತದೆ, ಅದರಲ್ಲಿ ಅದಕ್ಕೆ ಬೇಕಾದ ಸತ್ವವಿರುತ್ತದೆ. ಊಟ ಕೆಟ್ಟರೆ ಅದು ಅಂಟಾಗಿ ಹಿಂಭಾಗಕ್ಕೆ ಮೆತ್ತುತ್ತದೆ. ಬೇಸಿಗೆಯಲ್ಲಿ ಅಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ. ದಿನಕ್ಕೆರಡು ಸಲ ನೋಡಿ. ನೊಣಕ್ಕೆಂದು ನಾಯಿಗೆ ಹೊಡೆಯುವ ಸ್ಪ್ರೇ ಹೊಡೆಯಬೇಡಿ. ಫಿಪ್ರೋನಿಲ್ ಇರುವ ಸ್ಪ್ರೇ ಮೊಲಕ್ಕೆ ವಿಷ.

ಬಾಲ್ಕನಿ ಬೇಸಾಯ (8:15)

ಹುಲ್ಲಿನ ಪ್ಯಾಕೆಟ್ ಬರುವ ತನಕ ಟ್ರೇಯಲ್ಲಿ ಜೋಳ ಮೊಳಕೆ ಹಾಕಿ ಅಕ್ಕ. ನಿಮ್ಮಲ್ಲಿ ಜೋಳಕ್ಕೇನು ಬರ? ವಾರದಲ್ಲಿ ಹಸಿರು ಸಿಗುತ್ತದೆ.

ಎರೆಭೂಮಿ, ಧಾರವಾಡ (8:40)

ಜೋಳ ಬೇಡವೇ ಬೇಡ. ಎಳೆ ಜೋಳದ ಪೈರು ಮೇಯ್ದು ದನ ಸತ್ತ ಸುದ್ದಿ ನಮ್ಮ ಕಡೆ ಹೊಸದಲ್ಲ. ಮೊಣಕಾಲೆತ್ತರವೂ ಬಾರದ ಜೋಳದಲ್ಲಿ ಸೈನೈಡ್ ಹುಟ್ಟಿಸುವ ಅಂಶವಿರುತ್ತದೆ, ನೀರು ಸಾಲದೆ ಬಾಡಿದ ಪೈರಿನಲ್ಲಿ ಇನ್ನೂ ಹೆಚ್ಚು. ದನಕ್ಕೇ ಹಾಗಾದರೆ 2 ಕಿಲೋ ಮೊಲದ ಗತಿ? ಗೋಧಿಯನ್ನೋ ಮೆಕ್ಕೆಜೋಳವನ್ನೋ ಬೆಳೆಯಿರಿ, ಆದರೆ ಅದು ನಂಜಿಕೊಳ್ಳಲಷ್ಟೇ, ಊಟಕ್ಕಲ್ಲ.

ಗರಿಕೆಯನ್ನೇ ಮರಳಿ ತನ್ನಿ. ಒಣಗಿದಂತೆ ಕಂಡರೂ ಅದರ ಬೇರು ಸಾಯುವುದಿಲ್ಲ. ಹಣ್ಣಿನ ಅಂಗಡಿಯಲ್ಲಿ ಹಳೆಯ ಪ್ಲಾಸ್ಟಿಕ್ ಕ್ರೇಟ್ ಸಿಗುತ್ತವೆ, ತಳಕ್ಕೆ ಗೋಣಿ ಹಾಸಿ ಮಣ್ಣು ತುಂಬಿ. ಗಿಣ್ಣಿರುವ ಬಳ್ಳಿಯನ್ನು ಗೇಣುದ್ದಕ್ಕೆ ಕತ್ತರಿಸಿ ಮಲಗಿಸಿ, ಮೇಲೆ ಬೆರಳುದಪ್ಪ ಮಣ್ಣು ಎಳೆಯಿರಿ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ಹಸಿರು ಪರದೆಯ ನೆರಳು ಕೊಡಿ, ಪೂರ್ತಿ ನೆರಳಾದರೆ ಗರಿಕೆ ಸೊರಗುತ್ತದೆ. ಬೆಳಿಗ್ಗೆ ಸಂಜೆ ನೀರು. ನಾಲ್ಕು ಕ್ರೇಟ್ ಮಾಡಿ ಸರದಿಯಲ್ಲಿ ಕೊಯ್ಯಿರಿ. ಗೊಬ್ಬರವಂತೂ ನಿಮ್ಮ ಮನೆಯಲ್ಲೇ ಬೀಳುತ್ತಿದೆ. ಮೊಲದ ಹಿಕ್ಕೆಯನ್ನು ಕೊಳೆಸದೆ ಹಾಗೆಯೇ ಗಿಡಕ್ಕೆ ಹಾಕಬಹುದು, ಬೇರು ಸುಡುವುದಿಲ್ಲ. ಮೊಲ ಮೇಯುವ ಕ್ರೇಟಿಗೆ ಮಾತ್ರ ಬೇಡ, ಬದನೆ ಗಿಡಕ್ಕೆ ಹಾಕಿ.

ಹಿತ್ತಲಲ್ಲಿ ಟೊಮೆಟೊ ಇದ್ದರೆ ಅದರ ಎಲೆ, ಕುಡಿ ಮೊಲಕ್ಕೆ ಸಿಗದಿರಲಿ. ಕಣಗಿಲೆಯೂ ಅಷ್ಟೇ. ದಾಸವಾಳದ ಎಲೆ, ಹೂವು ಧಾರಾಳವಾಗಿ ಕೊಡಿ.

ಹಿತ್ತಲಮನೆ (ಮೇ 8, ಸಂಜೆ 6:10)

ಇಂದು ಎಳ್ಳು ತಾನಾಗಿಯೇ ದಾಸವಾಳದ ಎಲೆ ತಿಂದಿತು. ಕ್ರೇಟ್ ನಾಲ್ಕು ತಂದಾಯಿತು. ನೀರಿನ ಬಾಟಲಿ ತೆಗೆದು ಮಣ್ಣಿನ ಅಗಲ ಬಟ್ಟಲಿಟ್ಟೆ. ಬಾಟಲಿಯ ನೀರು ಮಧ್ಯಾಹ್ನಕ್ಕೆ ಚಹಾ ಆಗಿರುತ್ತಿತ್ತು, ಯಾರು ಕುಡಿದಾರು? ಬಟ್ಟಲಿನಿಂದ ದುಪ್ಪಟ್ಟು ಕುಡಿಯುತ್ತಿವೆ.

ಎರೆಭೂಮಿಯವರೇ, ಮಜ್ಜಿಗೆ ನಿಲ್ಲಿಸಲಾರೆ. ದಿನವೂ ಒಂದು ಬಟ್ಟಲು ಚರಟ ಉಳಿಯುತ್ತದೆ, ಎಸೆಯಲು ಮನಸ್ಸು ಬಾರದು. ಏನು ಮಾಡಲಿ?

ಎರೆಭೂಮಿ (7:00)

ಎಣ್ಣೆಗಾಯಿ! ಚರಟವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಉದುರುದುರಾಗಿ ಹಸಿವಾಸನೆ ಹೋಗುವತನಕ ಬಿಡಬೇಡಿ, ಅವಸರ ಮಾಡಿದರೆ ಮೇಣದಂತೆ ಹಲ್ಲಿಗೆ ಅಂಟುತ್ತದೆ. ಅರ್ಧ ಎಣ್ಣೆ ಆಗಲೇ ಹಾಲಿಗೆ ಹೋಗಿರುವುದರಿಂದ ಹುರಿದ ಗುರೆಳ್ಳು ಸ್ವಲ್ಪ ಹೆಚ್ಚೇ ಹಾಕಿ. ಖಾರದ ಪುಡಿ, ಹುಣಸೆ ರಸ, ಉಪ್ಪು ಕಲಸಿ ಮುಳ್ಳುಬದನೆಗೆ ತುಂಬಿ. ಎಳ್ಳು, ಬೆಲ್ಲ ಎರಡೂ ಬೀಳುತ್ತವೆ, ನಿಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಬೇಡಿ. ಹೆಚ್ಚಾದದ್ದನ್ನು ಇನ್ನೂ ಒಣಗಿಸಿ, ಬೆಳ್ಳುಳ್ಳಿ ಸೇರಿಸಿ ಚಟ್ನಿಪುಡಿ ಕುಟ್ಟಿ. ಕಲ್ಲಂಗಡಿಯ ಬಿಳಿ ಭಾಗ ತುರಿದರೆ ದೋಸೆ ಹಿಟ್ಟಿಗಾಗುತ್ತದೆ.

ಕಡಲತಡಿ (7:20)

ಅಕ್ಕ, ಮೊನ್ನೆ ಕಿವಿ ಮುಟ್ಟಿ ನೋಡಿ ಎನ್ನುವ ಬದಲು ಐಸ್ ಬಾಟಲಿ ಇಡಿ ಎಂದೆ. ಬೇಸರವಾಗುತ್ತಿದೆ.

ಹಿತ್ತಲಮನೆ (ಮೇ 27, ಬೆಳಿಗ್ಗೆ 7:45)

ಛೇ, ಬಾಟಲಿ ಈಗ ದಿನವೂ ಬಳಕೆಯಲ್ಲಿದೆ, ಬೆಲ್ಲ ಅದಕ್ಕೆ ಒರಗಿಕೊಂಡೇ ಮಧ್ಯಾಹ್ನ ಕಳೆಯುತ್ತದೆ. ಎಳ್ಳು ಮೊದಲಿನಂತೆ ಸೀರೆ ಎಳೆಯುತ್ತಿದೆ. ಹಿಕ್ಕೆ ಬಟಾಣಿಯ ಗಾತ್ರಕ್ಕೆ ಬಂದಿದೆ, ಮುರಿದರೆ ಒಳಗೆ ಹುಲ್ಲಿನ ನಾರು ಕಾಣುತ್ತದೆ. ಒಣಹುಲ್ಲೂ ಬಂತು. ಮಾವನವರು ಚಹಾ ಹೊತ್ತಿಗೆ ಒಂದು ಹಿಡಿ ಗರಿಕೆ ಹಿಡಿದು ಕೂರುತ್ತಾರೆ, ರೊಟ್ಟಿ ತುಂಡು ಕಾಗೆಗಳ ಪಾಲಾಗಿದೆ. ಎಣ್ಣೆಗಾಯಿ ಎರಡನೆಯ ಸಲ ಸರಿಬಂತು. ಮೊದಲ ಸಲ ನೀವು ಹೇಳಿದಂತೆ ಮೇಣವೇ ಆಗಿತ್ತು.

ಒಂದು ಹೊಸ ತೊಂದರೆ. ಕ್ರೇಟಿನಲ್ಲಿ ಗರಿಕೆ ನಾಲ್ಕು ಬೆರಳು ಎದ್ದಿತ್ತು. ಬೆಲ್ಲ ಒಳಗೇ ಹತ್ತಿ ಕೂತು ಬೇರಿನವರೆಗೆ ಬೋಳಿಸಿ, ಅಲ್ಲೇ ಮಣ್ಣು ತೋಡಿ ಮಲಗುತ್ತಿದೆ. ತಂತಿಬಲೆ ಮುಚ್ಚಿದರೆ ಅದನ್ನೂ ಎತ್ತಿ ಪಕ್ಕಕ್ಕಿಡುತ್ತದೆ. ಇದನ್ನು ಕೈತೋಟದ ವಿಭಾಗದಲ್ಲಿ ಕೇಳುತ್ತೇನೆ, ಅಲ್ಲಿಗೆ ಬನ್ನಿ.