ಗೂಗಲ್‌ನಿಂದ ಬಂದವರು ಓದುತ್ತಾರಾ, ಇಣುಕಿ ಹೋಗುತ್ತಾರಾ?

ಮಲೆನಾಡ ಭರಣಿ:
ನನ್ನದೊಂದು ಅಡುಗೆ ಬ್ಲಾಗ್ ಇದೆ. ಜಾಸ್ತಿ ಜನ ಬರುವುದು ಅಪ್ಪೆಮಿಡಿ ಉಪ್ಪಿನಕಾಯಿ ಪುಟಕ್ಕೆ, ಅದೂ ಗೂಗಲ್‌ನಲ್ಲಿ ಹುಡುಕಿಕೊಂಡು. ಮಿಡಿ ಆರಿಸುವುದರಿಂದ ಹಿಡಿದು ಭರಣಿಯ ಬಾಯಿ ಕಟ್ಟುವ ತನಕ ಎಲ್ಲ ಬರೆದಿದ್ದೇನೆ. ಬ್ಲಾಗಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ತೆರೆದರೆ ಆರ್ಗ್ಯಾನಿಕ್ ಸರ್ಚ್‌ನವರ (ಜಾಹೀರಾತಿಲ್ಲದೆ, ಹುಡುಕಿಕೊಂಡು ಬಂದವರ) ಸರಾಸರಿ ಎಂಗೇಜ್‌ಮೆಂಟ್ ಟೈಮ್ ಬರೀ 35 ಸೆಕೆಂಡ್! ಎಂಗೇಜ್‌ಮೆಂಟ್ ರೇಟ್ ಮಾತ್ರ ಚೆನ್ನಾಗಿದೆ. ಯಾವುದನ್ನು ನಂಬಲಿ?

ಎಣಿಕೆಗಾರ:
ಅಕ್ಕ, ಆ ರೇಟ್ ನೋಡಿ ಹಿಗ್ಗಬೇಡಿ. 10 ಸೆಕೆಂಡ್‌ಗಿಂತ ಹೆಚ್ಚು ಇದ್ದರೆ, ಇಲ್ಲವೇ ಎರಡು ಪುಟ ನೋಡಿದರೆ, ಇಲ್ಲವೇ ನೀವು ಮುಖ್ಯ ಅಂತ ಗುರುತು ಹಾಕಿದ ಕ್ರಿಯೆ (ಕೀ ಈವೆಂಟ್) ನಡೆದರೆ ಸಾಕು, ಆ ಭೇಟಿ 'ಎಂಗೇಜ್ಡ್'. ಅಂಥ ಭೇಟಿಗಳ ಪಾಲೇ ಆ ರೇಟ್. ಬಾಕಿಯದೆಲ್ಲ ಬೌನ್ಸ್. 2023ರ ಜುಲೈಯಲ್ಲಿ ನಿಂತ ಹಳೇ ಅನಾಲಿಟಿಕ್ಸ್‌ನ ಬೌನ್ಸ್ ರೇಟ್ ಜೊತೆ ಇದನ್ನು ಹೋಲಿಸಬೇಡಿ, ಲೆಕ್ಕವೇ ಬೇರೆ. ಇನ್ನು ಟೈಮ್ ಅಂದರೆ ಪುಟ ಕಣ್ಣೆದುರು ಇದ್ದಷ್ಟು ಹೊತ್ತು ಮಾತ್ರ. ಫೋನ್ ಲಾಕ್ ಆದರೆ ಎಣಿಕೆಯೂ ನಿಂತಿತು.

ಹುಡುಕುಪೆಟ್ಟಿಗೆ:
ಅವರು ಏನು ಕೇಳಿಕೊಂಡು ಬಂದರು ಅಂತ ಮೊದಲು ನೋಡಿ. ಗೂಗಲ್ ಹುಡುಕಾಟದ ಲೆಕ್ಕ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟ ಒಂದನ್ನೇ ಆರಿಸಿ, ಕ್ವೆರಿ ಪಟ್ಟಿ (ಜನ ಹುಡುಕಿದ ಪದಗಳು) ತೆರೆಯಿರಿ. ಅಲ್ಲಿನ ಕ್ಲಿಕ್ಕಿಗೂ ಅನಾಲಿಟಿಕ್ಸ್‌ನ ಸೆಷನ್ನಿಗೂ (ಭೇಟಿಗೂ) ತಾಳೆಯಾಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಮಲೆನಾಡ ಭರಣಿ:
ನೋಡಿದೆ. ಮುಕ್ಕಾಲು ಪಾಲು ಜನ ಕೇಳಿದ್ದು 'ಮಿಡಿಗೆ ಉಪ್ಪು ಎಷ್ಟು' ಅಂತ! ಉಪ್ಪಿನ ಅಳತೆಯನ್ನು ನಾನೇ ಪುಟದ ತಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ. ನೋಡಿದರು, ಹೋದರು. ಇನ್ನೊಂದು ಗೊಂದಲ: ಸ್ಕ್ರೋಲ್ ಈವೆಂಟ್ (ಪುಟ ಕೆಳಗೆ ಸರಿಸಿದ ದಾಖಲೆ) ತೀರಾ ಕಡಿಮೆ. ಅಡಿಯಲ್ಲಿ ಉದ್ದಕ್ಕೆ ಕಾಮೆಂಟ್‌ಗಳಿವೆ, ಅದಕ್ಕಾ?

ಎಣಿಕೆಗಾರ:
ಅದಕ್ಕೇ. ಪುಟದ 90% ಇಳಿದರೆ ಮಾತ್ರ ಅದು ದಾಖಲಾಗುತ್ತದೆ. ನಿಮ್ಮ ಬರಹ ಅರ್ಧಕ್ಕೇ ಮುಗಿಯುತ್ತದಲ್ವಾ? ಇಂಥ ಎಣಿಕೆ ಹೊಂದಿಸುವ ಗೂಗಲ್ ಟ್ಯಾಗ್ ಮ್ಯಾನೇಜರ್‌ನಲ್ಲಿ 25%, 50% ಇಳಿದಾಗಲೂ ದಾಖಲಾಗುವಂತೆ ಟ್ರಿಗರ್ ಹಾಕಿ.

ಮಲೆನಾಡ ಭರಣಿ:
ಹಾಕಿದೆ. ಉಪ್ಪಿನ ಅಳತೆಯನ್ನು ಕೆಳಗೆ ಬಚ್ಚಿಟ್ಟರೆ ಟೈಮ್ ಏರುತ್ತದೆ ಅಂತ ಮಗ ಉಪಾಯ ಹೇಳಿದ. ಒಪ್ಪಲಿಲ್ಲ. ಕೈಗೆ ಮಾವಿನ ಸೊನೆ ಮೆತ್ತಿಕೊಂಡು ಕಿರುಬೆರಳಲ್ಲಿ ಫೋನ್ ಸರಿಸುವ ಪಾಡು ನನಗೆ ಗೊತ್ತು.