ಇಂಗ್ಲೆಂಡ್: ಕ್ಲಾಸ್ 2 ಪಾಸಾಯ್ತು, ಏಜೆನ್ಸಿಯಲ್ಲಿ ಶುರು ಮಾಡೋದು ಹೇಗೆ?

ನಾರ್ಥಾಂಪ್ಟನ್_ಮಲ್ನಾಡಿಗ

ಎಲ್ಲರಿಗೂ ನಮಸ್ಕಾರ. ಸಿ ಕೆಟಗರಿ ಲಾರಿ ಲೈಸೆನ್ಸ್, ಅಂದ್ರೆ ಇಲ್ಲಿನವರ ಬಾಯಲ್ಲಿ ಕ್ಲಾಸ್ 2, ಪಾಸಾಗಿದೆ. ಸಿಪಿಸಿ (ವೃತ್ತಿಪರ ಡ್ರೈವರ್ ಅರ್ಹತೆ) ನಾಲ್ಕೂ ಮಾಡ್ಯೂಲ್ ಮುಗಿದು ಕಾರ್ಡ್ ಬಂದಿದೆ, ಟ್ಯಾಕೋ (ಓಡಿಸಿದ, ದುಡಿದ, ವಿಶ್ರಾಂತಿಯ ಸಮಯ ದಾಖಲಿಸೋ ಯಂತ್ರ) ಕಾರ್ಡೂ ಬಂದಿದೆ. ಡಿಪೆಂಡೆಂಟ್ ವೀಸಾ. ಕಂಪನಿಗಳೆಲ್ಲ ಎರಡು ವರ್ಷ ಅನುಭವ ಕೇಳ್ತಿವೆ, ಕಂಪನಿಗಳಿಗೆ ಡ್ರೈವರ್ ಕಳಿಸೋ ಏಜೆನ್ಸಿಯವರು ಮಾತ್ರ ಫೋನ್ ಎತ್ತುತ್ತಿದ್ದಾರೆ.

ಊರಲ್ಲಿ ಆರು ವರ್ಷ ಹೆವಿ ಓಡಿಸಿದ್ದು ಲೆಕ್ಕಕ್ಕೆ ಬರುತ್ತಾ? ಒಬ್ಬರು ಗಂಟೆಗೆ 20 ಪೌಂಡ್ ಅಂಬ್ರೆಲಾ (ಮಧ್ಯದ ಇನ್ನೊಂದು ಕಂಪನಿ ಮೂಲಕ ಸಂಬಳ) ಅಂತಾರೆ, ಇನ್ನೊಬ್ಬರು 16 ಪೌಂಡ್ ಪಿಎವೈಇ (ತೆರಿಗೆ ಹಿಡಿದು ಏಜೆನ್ಸಿಯೇ ನೇರ ಕೊಡೋ ಸಂಬಳ) ಮತ್ತು ರಜೆ ದುಡ್ಡು ಬೇರೆ ಅಂತಾರೆ. ಯಾವುದು ಮೇಲು? ಪ್ರತಿ ಶನಿವಾರ ಸಂಜೆ 6ರಿಂದ 11ರ ತನಕ ಕಾರಿನಲ್ಲಿ ಊಟದ ಡೆಲಿವರಿ ಇದೆ, ಅದನ್ನ ಇಟ್ಟುಕೊಳ್ಳಬಹುದಾ? ಮೊದಲ ದಿನ ಏನೇನು ಎಡವಟ್ಟಾಗುತ್ತೆ ಅಂತಲೂ ಹೇಳಿ.

ಓಲ್ಡಾನ್_ರೈಟ್

ಬೇಜಾರಿನ ಸುದ್ದಿ ಮೊದಲು: ಊರಿನ ಆರು ವರ್ಷ ಇಲ್ಲಿ ಸೊನ್ನೆ. ಭಾರತದ ಲೈಸೆನ್ಸನ್ನ ಇಲ್ಲಿ ಬದಲಾಯಿಸಿಕೊಡೋದೇ ಇಲ್ಲ. ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ನೋಡೋದು ಬ್ರಿಟಿಷ್ ಲೈಸೆನ್ಸಿನಲ್ಲಿ ಸಿ ಬಂದ ತಾರೀಖು. ಹಾಗಂತ ಕೈಗೆ ಹತ್ತಿದ ಕೆಲಸ ಎಲ್ಲೂ ಹೋಗಲ್ಲ, ಅಸೆಸ್‌ಮೆಂಟ್ ಡ್ರೈವ್‌ನಲ್ಲಿ ಅದು ಗೊತ್ತಾಗುತ್ತೆ.

ಎರಡು ವರ್ಷದ ಷರತ್ತು ಬಹಳ ಸಲ ಏಜೆನ್ಸಿಯದ್ದಲ್ಲ, ಗಾಡಿ ಮಾಲೀಕನ ಪಾಲಿಸಿಯದ್ದು. ಅದಕ್ಕೇ "ಕೆಲಸ ಇದೆಯಾ" ಅಂತ ಕೇಳಿದರೆ ಪ್ರಯೋಜನ ಇಲ್ಲ. "ನ್ಯೂ ಪಾಸ್ ಒಪ್ಪೋ ಗಿರಾಕಿ ನಿಮ್ಮಲ್ಲಿ ಯಾರಿದ್ದಾರೆ, ಅಸೆಸ್‌ಮೆಂಟ್ ಯಾವಾಗ" ಅಂತ ಕೇಳಿ. ಹೆಸರು ಹೇಳಲು ತಡವರಿಸಿದರೆ ಅವರ ಹತ್ತಿರ ಅಂಥವರಿಲ್ಲ, ನಿಮ್ಮ ಹೆಸರು ಪಟ್ಟಿಯಲ್ಲಿ ಕೊಳೆಯುತ್ತೆ ಅಷ್ಟೆ. ನೀವಿರೋ ಜಾಗ ಒಳ್ಳೇದು. ಡೇವೆಂಟ್ರಿ, ಲಟರ್‌ವರ್ತ್‌ನ ಮ್ಯಾಗ್ನಾ ಪಾರ್ಕ್ ಎರಡೂ ಕೈಗೆಟುಕೋ ದೂರದಲ್ಲಿವೆ, ಗೋದಾಮುಗಳದ್ದೇ ಊರುಗಳು. ಕ್ರಿಸ್‌ಮಸ್‌ಗೆ ಮುಂಚಿನ ಎರಡು ಮೂರು ತಿಂಗಳು ಮತ್ತು ಬೇಸಿಗೆ ರಜೆಯಲ್ಲಿ ಕಾಯಂ ಡ್ರೈವರ್‌ಗಳು ಸಾಲದೆ ಬರ್ತಾರೆ, ಆಗ ಹೊಸಬರಿಗೂ ಬಾಗಿಲು ತೆರೆಯುತ್ತೆ.

ಮೂರು ನಾಲ್ಕು ಏಜೆನ್ಸಿ ಸಾಕು. ಲೈಸೆನ್ಸ್, ಸಿಪಿಸಿ ಕಾರ್ಡ್, ಟ್ಯಾಕೋ ಕಾರ್ಡ್, ಕೆಲಸದ ಹಕ್ಕು ತೋರಿಸೋ ಈ-ವೀಸಾ ಶೇರ್ ಕೋಡ್, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಇಷ್ಟು ಕೇಳ್ತಾರೆ. ಡಿವಿಎಲ್‌ಎ (ಲೈಸೆನ್ಸ್ ಇಲಾಖೆ) ಚೆಕ್ ಕೋಡ್ 21 ದಿನಕ್ಕೆ ಮುಗಿಯುತ್ತೆ, ಮುಂಚೆಯೇ ತೆಗೆದಿಡಬೇಡಿ. ನೋಂದಣಿಗೆ, ಕೆಲಸ ಹುಡುಕಿಕೊಡೋದಕ್ಕೆ ದುಡ್ಡು ಕೇಳೋದು ಕಾನೂನುಬಾಹಿರ. ಕೇಳಿದರೆ ಎದ್ದು ಬನ್ನಿ.

ಶಿಫ್ಟ್ ಸಾಮಾನ್ಯವಾಗಿ ಹಿಂದಿನ ಸಂಜೆ ಫೋನಲ್ಲಿ ಗೊತ್ತಾಗೋದು. ಹೂಂ ಅನ್ನೋ ಮೊದಲು ಗಾಡಿ 18 ಟನ್ನೋ 26 ಟನ್ನೋ, ಎಷ್ಟು ಡ್ರಾಪ್ (ಸರಕು ಇಳಿಸೋ ಜಾಗ), ಟೇಲ್ ಲಿಫ್ಟ್ (ಗಾಡಿ ಹಿಂದೆ ಸರಕು ಏರಿಸಿ ಇಳಿಸೋ ಹಲಗೆ) ಇದೆಯಾ ಇಲ್ಲ ಕೈಯಲ್ಲೇ ಇಳಿಸೋದಾ, ಬೇಗ ಮುಗಿದರೂ ಎಷ್ಟು ಗಂಟೆ ಕೂಲಿ ಖಾತ್ರಿ, ಇಷ್ಟು ಕೇಳಿ. 26 ಟನ್ ಗಾಡಿ, 18 ಡ್ರಾಪ್, ಊರೊಳಗಿನ ಓಣಿಗಳು ಅಂದರೆ ಮೊದಲ ವಾರಕ್ಕೆ ಬೇಡ. ಹೈಯಾಬ್ ಕ್ರೇನ್ (ಲಾರಿ ಮೇಲೇ ಕೂರಿಸಿದ್ದು), ಸ್ಕಿಪ್ ಗಾಡಿ (ಕಸದ ದೊಡ್ಡ ತೊಟ್ಟಿ ಹೊರೋದು), ಎಡಿಆರ್ ಅಂದರೆ ಅಪಾಯಕಾರಿ ಸರಕು ಯಾವುದಕ್ಕೂ ತರಬೇತಿ ಇಲ್ಲದೆ ಕೈ ಹಾಕಬೇಡಿ. "ಸುಲಭ, ಅಲ್ಲಿ ಯಾರಾದ್ರೂ ತೋರಿಸ್ತಾರೆ" ಅನ್ನೋ ಮಾತಿಗೆ ಬೆಲೆ ಇಲ್ಲ. ಕ್ರೇನ್ ಆಪರೇಟರ್ ಅಂತ ಕಾಗದದಲ್ಲಿ ಬರೋದು ನಿಮ್ಮ ಹೆಸರು.

ಒಪ್ಪಂದದಲ್ಲಿ ಡ್ಯಾಮೇಜ್ ಅನ್ನೋ ಪದ ಹುಡುಕಿ. ಇನ್ಶೂರೆನ್ಸಿನ ಎಕ್ಸೆಸ್ ಮೊತ್ತ (ನಷ್ಟದಲ್ಲಿ ಇನ್ಶೂರೆನ್ಸ್‌ನವರು ಕೊಡದೇ ಬಿಡೋ ಪಾಲು) ನಿಮ್ಮ ಸಂಬಳದಿಂದ ಮುರಿದುಕೊಳ್ಳೋ ಷರತ್ತು ಅಲ್ಲೇ ಇರೋದು. ನೀವು ಮುಂಚಿತವಾಗಿ ಲಿಖಿತವಾಗಿ ಒಪ್ಪಿದ್ದರೆ ಮಾತ್ರ ಹಾಗೆ ಮುರಿಯಬಹುದು, ಹಾಗಾಗಿ ಸಹಿ ಹಾಕೋ ಮೊದಲು ಜಗಳ ಆಡಿ, ಆಮೇಲೆ ಅಲ್ಲ.

ಕುಡ್ಲದ_ಲೆಕ್ಕಿಗ

ದುಡ್ಡಿನ ಪ್ರಶ್ನೆ ಮಾತ್ರ ಹೇಳ್ತೇನೆ. 20 ಅಂತ ಕೇಳಿ ಮರುಳಾಗಬೇಡಿ ಮಾರಾಯ್ರೆ. ಅಂಬ್ರೆಲಾದಲ್ಲಿ ಆ 20 ನಿಮ್ಮ ಸಂಬಳ ಅಲ್ಲ, ಅಂಬ್ರೆಲಾ ಕಂಪನಿಗೆ ಬರುವ ಮೊತ್ತ. ಮಾಲೀಕ ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಕೂಡ ಅದರಿಂದಲೇ ಹೋಗುವುದು.

40 ಗಂಟೆಯ ವಾರ ಹಿಡಿಯಿರಿ. ಬಂದದ್ದು 800. ಅಂಬ್ರೆಲಾದವರ ಮಾರ್ಜಿನ್ 20 ಅಂತ ಇಟ್ಟುಕೊಂಡರೆ ಉಳಿದದ್ದು 780. ಏಪ್ರಿಲ್ 2025ರಿಂದ ಮಾಲೀಕರ ಪಾಲು ವಾರಕ್ಕೆ 96 ಪೌಂಡ್ ಮೀರಿದ ಮೊತ್ತಕ್ಕೆ ಶೇ. 15. ಅದು ಸುಮಾರು 89. ಅಪ್ರೆಂಟಿಸ್‌ಶಿಪ್ ಲೆವಿ ಶೇ. 0.5, ಮೂರೂವರೆ ಪೌಂಡ್. ಈಗ ನಿಮ್ಮ ಒಟ್ಟು ಸಂಬಳ ಸುಮಾರು 688. ಇದರೊಳಗೆ ರಜೆಯ ಶೇ. 12.07 ಕೂಡ ಸೇರಿ ಉಂಟು. ಅದನ್ನು ಬೇರೆ ಮಾಡಿದರೆ 614, ಅಂದರೆ ಗಂಟೆಗೆ 15.34. ಪೆನ್ಶನ್‌ಗೆ ಮಾಲೀಕರ ಪಾಲು ಇನ್ನೂ ತೆಗೆದಿಲ್ಲ, ನಿಮ್ಮ ತೆರಿಗೆಯೂ ಇದರ ಮೇಲೆ. ಹಾಗಾಗಿ ರಜೆ ಬೇರೆ ಕೊಡುವ 16ರ ಪಿಎವೈಇ ಮುಂದೆ ಉಂಟು. 20ರವರು ಇನ್ನೂ ಒಂದು ಪೌಂಡ್ ಜಾಸ್ತಿ ಕೊಟ್ಟರೆ ಮಾತ್ರ ಮಾತಾಡಬಹುದು. 16ರವರ ಹತ್ತಿರ ಒಂದೇ ಪ್ರಶ್ನೆ: ರಜೆ 16ರ ಮೇಲೋ, 16ರ ಒಳಗೋ? ಒಳಗೆ ಅಂದರೆ ಮೂಲ 14.28 ಆಯ್ತು.

ಕೀ ಇನ್ಫರ್ಮೇಶನ್ ಡಾಕ್ಯುಮೆಂಟ್ ಅಂತ ಎರಡು ಪುಟದ ಕಾಗದ ಉಂಟು, 2020ರಿಂದ ಅದನ್ನು ಒಪ್ಪಂದಕ್ಕೆ ಮೊದಲೇ ಕೊಡಲೇಬೇಕು. ಉದಾಹರಣೆ ಸಂಬಳದ ಲೆಕ್ಕ ಅದರಲ್ಲೇ ಇರುತ್ತದೆ, ಕೇಳಿ ತಗೊಳ್ಳಿ. "ಲಿಮಿಟೆಡ್ ಕಂಪನಿ ಮಾಡಿ, ತೆರಿಗೆ ಉಳಿಯುತ್ತದೆ" ಅಂತ ಯಾರಾದರೂ ಹೇಳಿದರೆ ಕಿವಿ ಮುಚ್ಚಿಕೊಳ್ಳಿ. ಬೇರೆಯವರ ಗಾಡಿ, ಬೇರೆಯವರ ಡೀಸೆಲ್, ಬೇರೆಯವರು ಹೇಳಿದ ದಾರಿ. ಅಂಥವರನ್ನು ಸ್ವಂತ ಉದ್ಯೋಗಿ ಅಂತ ತೆರಿಗೆ ಇಲಾಖೆ ಒಪ್ಪುವುದು ತೀರಾ ಅಪರೂಪ.

ಇನ್ನೆರಡು. ಟೈಮ್‌ಶೀಟಿಗೆ ಡಿಪೋದವರ ಸಹಿ ಇಲ್ಲ ಅಂತ ಏಜೆನ್ಸಿ ಸಂಬಳ ತಡೆಹಿಡಿಯುವ ಹಾಗಿಲ್ಲ, ಆದರೂ ಸಹಿ ಮಾಡಿಸಿ ಫೋಟೋ ಇಟ್ಟುಕೊಳ್ಳಿ. ಒಂದೇ ಕಡೆ ಒಂದೇ ಕೆಲಸದಲ್ಲಿ 12 ವಾರ ತುಂಬಿದರೆ ಅಲ್ಲಿನ ಕಾಯಂ ಡ್ರೈವರಿನ ದರ ನಿಮಗೂ ಸಿಗಬೇಕು. ನಡುವೆ ಏಜೆನ್ಸಿ ಬದಲಾಯಿಸಿದರೂ ಆ ಲೆಕ್ಕ ಮುಂದುವರಿಯುತ್ತದೆ, ಆರು ವಾರಕ್ಕಿಂತ ಹೆಚ್ಚು ಬಿಡುವು ಬಿದ್ದರೆ ಮಾತ್ರ ಮತ್ತೆ ಒಂದರಿಂದ.

ಧಾರವಾಡ_ಟ್ಯಾಕೋ

ಶನಿವಾರದ ಡೆಲಿವರಿ ಪ್ರಶ್ನೆಗೆ ಯಾರೂ ಕೈ ಹಚ್ಚಿಲ್ಲ, ಅದೇ ಎಲ್ಲಾಕಿಂತ ಡೇಂಜರ್ ಅದ ನೋಡ್ರಿ.

ಡೆಲಿವರಿನೂ "ಅದರ್ ವರ್ಕ್" (ಲಾರಿ ಓಡಿಸೂದು ಬಿಟ್ಟು ಬ್ಯಾರೆ ಕೆಲಸ) ಆಗ್ತದ. ಟ್ಯಾಕೋದಾಗ ಕೈಯಿಂದ ಎಂಟ್ರಿ ಮಾಡಬೇಕ್ರಿ, ಸುತ್ತಿಗೆ ಗುರ್ತು. ಶುಕ್ರವಾರ ಸಂಜಿ 5ಕ್ಕ ಗಾಡಿ ಬಿಟ್ರಿ ಅನ್ಕೊಳ್ರಿ. ಶನಿವಾರ 6ರ ತನಕ 25 ತಾಸು. 11ಕ್ಕ ಡೆಲಿವರಿ ಮುಗಿಸಿ ಸೋಮವಾರ ನಸುಕಿನ್ಯಾಗ 5ಕ್ಕ ಗಾಡಿ ಹತ್ತಿದ್ರ 30 ತಾಸು. ವಾರದ ಪೂರ್ತಿ ವಿಶ್ರಾಂತಿ ಅಂದ್ರ 45 ತಾಸು ಒಂದೇ ಪಟ್ಟಿಗೆ. ನಿಮಗ ಅದು ಎರಡೂ ಕಡೆ ಸಿಗಲಿಲ್ಲ. 24 ತಾಸಿಗೆ ಇಳಿಸಬಹುದು ಖರೆ, ಆದ್ರ ಸಾಲಾಗಿ ಎರಡು ವಾರದಾಗ ಒಂದಾದ್ರೂ 45 ಇರಲೇಬೇಕು, ಮತ್ತ ಕಡಿಮಿ ಬಿದ್ದ 15 ತಾಸನ್ನ ಮೂರನೇ ವಾರ ಮುಗಿಯೂದ್ರಾಗ ಬ್ಯಾರೆ ವಿಶ್ರಾಂತಿಗೆ ಕೂಡಿಸಿ ಒಮ್ಮೆಲೇ ತಗೋಬೇಕು. ಅಂದ್ರ ಪ್ರತಿ ಶನಿವಾರ ನಡಿಯಂಗಿಲ್ಲ. ಒಂದು ಬಿಟ್ಟು ಒಂದು ಶನಿವಾರ, ಅದೂ ಬರದು ಲೆಕ್ಕಾ ಇಟ್ರ. ನನ್ನ ಕೇಳಿದ್ರ ಬಿಟ್ಟುಬಿಡ್ರಿ.

ಇನ್ನ ಹೊಸಬರು ಎಲ್ಲಿ ಮುಗ್ಗರಸ್ತಾರ ಅಂದ್ರ ವಿಶ್ರಾಂತಿ ಬಟನ್. ಗಾಡಿ ನಿಲ್ಲಿಸಿದ ಕೂಡಲೇ ಟ್ಯಾಕೋ ತಾನs ಸುತ್ತಿಗೆಗೆ ಹೋಗ್ತದ, ಮಂಚದ ಗುರ್ತಿಗೆ ನೀವೇ ಒತ್ತಬೇಕು. ಮರತು ಚಾ ಕುಡಕೋತ ಕೂತ್ರ 45 ನಿಮಿಷ ದುಡಿದಂಗ ಲೆಕ್ಕ. ನಾಲ್ಕೂವರೆ ತಾಸು ಸ್ಟೇರಿಂಗಿಗೆ 45 ನಿಮಿಷ. ಒಡೀಬೇಕಂದ್ರ ಮೊದಲ 15, ಆಮ್ಯಾಲೆ 30. ತಿರುವಿ ಹಾಕಿದ್ರ ನಡಿಯಂಗಿಲ್ಲ. 44 ನಿಮಿಷ ಅಂದ್ರ 45 ಅಲ್ಲ, ಅದಕ್ಕ 47ರ ತನಕ ಕೂಡ್ರಿ.

ಮಲ್ಟಿ ಡ್ರಾಪಿನ್ಯಾಗ ಇನ್ನೊಂದು ಕುಣಿ ಅದ. ಡ್ರೈವಿಂಗ್ ಬರೇ ಮೂರು ತಾಸು ಆಗಿರ್ತದ, ಆದ್ರ ಇಳಿಸೂದು ಏರಿಸೂದು ಕೂಡಿ ಆರು ತಾಸು ದುಡಿದಿರ್ತೀರಿ. ಆರು ತಾಸಿಗಿಂತ ಹೆಚ್ಚು ಬ್ರೇಕಿಲ್ಲದೆ ದುಡಿಯೂ ಹಾಂಗಿಲ್ಲ. ಒಟ್ಟು ಕೆಲಸ 6ರಿಂದ 9 ತಾಸಿದ್ರ 30 ನಿಮಿಷ, 9 ಮೀರಿದ್ರ 45. ಈ ಕಾನೂನು ಬ್ಯಾರೆ, ನಾಲ್ಕೂವರೆ ತಾಸಿಂದು ಬ್ಯಾರೆ, ಎರಡೂ ಪಾಲಿಸಬೇಕು.

ನಿನ್ನೆ ಸಂಜಿ 7ಕ್ಕ ಬಿಟ್ಟು ಇವತ್ತು 5ಕ್ಕ ಬಾ ಅಂದ್ರ 10 ತಾಸು ಆತು. 11 ಬೇಕು. 9ಕ್ಕ ಇಳಿಸೂದು ಎರಡು ವಾರದ ವಿಶ್ರಾಂತಿ ನಡುವ ಮೂರೇ ಸಲ. ಏಜೆನ್ಸಿ ಎರಡು ಮೂರು ಇದ್ರ ಆ ಮೂರು ಯಾವಾಗ ಖರ್ಚಾದವು ಅನ್ನೂದು ನಿಮಗಷ್ಟೇ ಗೊತ್ತಿರ್ತದ. ಮಧ್ಯರಾತ್ರಿ 12ರಿಂದ 4ರೊಳಗ ಸ್ವಲ್ಪರೆ ದುಡಿದ್ರ ಆ 24 ತಾಸಿನ್ಯಾಗ ಕೆಲಸ 10 ತಾಸು ಮೀರಬಾರದು, ಆ ಕಂಪನಿಯಾಗ ಬ್ಯಾರೆ ಕರಾರು ಇದ್ದರ ಮಾತು ಬ್ಯಾರೆ. "3ಕ್ಕ ಶುರು, 12 ತಾಸು" ಅಂದವರಿಗೆ ಇದನ್ನ ಕೇಳ್ರಿ.

ಪ್ರಿಂಟೌಟ್ ಯಾವಾಗಲೂ ಯುಟಿಸಿ ಟೈಮಿನ್ಯಾಗ ಬರ್ತದ, ಬ್ಯಾಸಗಿಯೊಳಗ ಒಂದು ತಾಸು ಹಿಂದ. ಟ್ರಾಫಿಕ್ಕಿನ್ಯಾಗ ಸಿಕ್ಕು ಟೈಮ್ ಮೀರಿದ್ರ ಸುರಕ್ಷಿತ ಜಾಗಾದಾಗ ನಿಲ್ಲಿಸಿ, ಪ್ರಿಂಟ್ ತಗದು, ಹಿಂದ ಕಾರಣ ಬರದು ಸಹಿ ಮಾಡ್ರಿ. ಅದು ಮಾಫಿ ಚೀಟಿ ಅಲ್ಲ, ಆದ್ರ ಬರೀದೇ ಇದ್ದವರಿಗಿಂತ ಬರದವರ ಮಾತು ಕೇಳ್ತಾರ.

ಓಲ್ಡಾನ್_ರೈಟ್

ಧಾರವಾಡದವರು ಹೇಳಿದ ಮೇಲೆ ನಾನು ಸೇರಿಸೋದು ಮೊದಲ ದಿನದ ಕಥೆ ಮಾತ್ರ.

ಊರಲ್ಲಿ ಹಿಂದೆ ತೆಗೀವಾಗ ಕ್ಲೀನರ್ ಇಳಿದು ಬಾಡಿಗೆ ಬಡಿದು "ಬರ್ಲಿ ಬರ್ಲಿ, ಓಲ್ಡಾನ್" ಅಂತಿದ್ದ. ಇಲ್ಲಿ ಆ ಪುಣ್ಯಾತ್ಮ ಇಲ್ಲ. ಗೊತ್ತಿಲ್ಲದ ಅಂಗಳ ಅಂದರೆ ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದುಕೊಂಡು, ಇಳಿದು ಹೋಗಿ ನೋಡಿ. ಎರಡು ಸಲ ಇಳಿದರೂ ಯಾರೂ ನಗಲ್ಲ.

ಹೊರಡೋ ಮೊದಲಿನ ಸುತ್ತು ತಪಾಸಣೆ ಕೆಲಸದ ಸಮಯವೇ, 15 ನಿಮಿಷ ತಗೊಳ್ಳಿ, ಟ್ಯಾಕೋದಲ್ಲೂ ಸುತ್ತಿಗೆಯಾಗಿ ಬರಬೇಕು. ಕೀ ಕೈಗೆ ಬಂದ ಕೂಡಲೇ ನಾಲ್ಕೂ ಕಡೆ ಫೋಟೋ. ಮೂಲೆಯ ಹಳೇ ಗೀರು, ಒಡೆದ ಲೆನ್ಸ್, ಸೊಟ್ಟ ಬಂಪರ್ ಎಲ್ಲ ಡಿಫೆಕ್ಟ್ ಶೀಟಿನಲ್ಲಿ ಬರಲಿ, ಇಲ್ಲದಿದ್ದರೆ ಸಂಜೆಗೆ ಅವೆಲ್ಲ ನಿಮ್ಮವೇ. ಟೈರ್ ಕನಿಷ್ಠ ಒಂದು ಮಿಲಿಮೀಟರ್, ಅಗಲದ ಮುಕ್ಕಾಲು ಭಾಗದಲ್ಲಿ, ಸುತ್ತಲೂ. ಹಿಂದಿನ ಜೋಡಿ ಟೈರಿನ ಒಳಗಿನದನ್ನ ಬಗ್ಗಿ ಟಾರ್ಚ್ ಹಾಕಿ ನೋಡಿ, ಎಲ್ಲರೂ ಬಿಡೋದು ಅದನ್ನೇ. ರಸ್ತೆಯಲ್ಲಿ ಡಿವಿಎಸ್‌ಎ (ಗಾಡಿ ತಪಾಸಣೆ ಇಲಾಖೆ) ಹಿಡಿದರೆ ಪ್ರತಿ ಟೈರಿಗೆ 3 ಪಾಯಿಂಟ್, ಅದು ಕೂರೋದು ನಿಮ್ಮ ಲೈಸೆನ್ಸಿನ ಮೇಲೆ. ನಟ್ ಮೇಲಿನ ಹಳದಿ ಬಾಣಗಳು ಒಂದಕ್ಕೊಂದು ಮುಖ ಮಾಡಿರಬೇಕು, ಒಂದು ತಿರುಗಿದ್ದರೆ ಆ ನಟ್ ಸಡಿಲ ಆಗಿರಬಹುದು. ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆರಿಸಿ, ಬ್ರೇಕ್ ಒತ್ತಿ ಹಿಡಿದು ಕಿವಿ ಕೊಡಿ. ಸುಯ್ ಅಂದರೆ ಹೊರಡಬೇಡಿ.

ಗಾಡಿ ಎತ್ತರದ ಫಲಕ ಕ್ಯಾಬ್ ಒಳಗೆ ಇರುತ್ತೆ. ಅದನ್ನ ಅಡಿ-ಇಂಚಿನಲ್ಲಿ ಬಾಯಿಪಾಠ ಮಾಡಿ. ಕಾರಿನ ಮ್ಯಾಪ್‌ಗೆ ರೈಲ್ವೆ ಸೇತುವೆ ಎಷ್ಟು ತಗ್ಗು ಅಂತ ಗೊತ್ತಿಲ್ಲ, ಲಾರಿ ಸ್ಯಾಟ್‌ನ್ಯಾವ್ ತಗೊಳ್ಳಿ.

ಟೇಲ್ ಲಿಫ್ಟ್‌ನಲ್ಲಿ ಬಹಳ ಜನ ಪೆಟ್ಟು ತಿನ್ತಾರೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಪ್ಯಾಲೆಟ್ ಹೊರಗೆ ತರಬೇಡಿ, ಪಂಪ್ ಟ್ರಕ್ಕಿಗೆ ಬ್ರೇಕ್ ಇಲ್ಲ. ಪ್ಯಾಲೆಟ್ ಲೇಬಲ್ಲಿನ ತೂಕ, ಪಂಪ್ ಟ್ರಕ್ಕಿನ ತೂಕ, ನಿಮ್ಮ ತೂಕ ಮೂರೂ ಕೂಡಿ ಪ್ಲಾಟ್‌ಫಾರ್ಮ್ ಫಲಕದ ಮಿತಿಯೊಳಗಿರಬೇಕು. ಆ ಮಿತಿ ಗಾಡಿಗೆ ಹತ್ತಿರದ ಭಾಗಕ್ಕೆ, ತುದಿಗೆ ಹೋದಷ್ಟೂ ಕಡಿಮೆ. ತುದಿಯ ತಡೆಗಳನ್ನ ಎಬ್ಬಿಸಿ, ಪ್ಯಾಲೆಟ್ಟನ್ನ ಪ್ಲಾಟ್‌ಫಾರ್ಮ್ ಮೇಲೆ ಪೂರ್ತಿ ಕೆಳಗಿಟ್ಟು, ಆಮೇಲೆ ಲಿಫ್ಟ್ ಇಳಿಸಿ. ನೀವು ಪ್ಯಾಲೆಟ್ಟಿನ ಪಕ್ಕದಲ್ಲಿ ನಿಲ್ಲಬೇಕು, ಪ್ಯಾಲೆಟ್ಟಿಗೂ ತುದಿಗೂ ಮಧ್ಯೆ ಯಾವತ್ತೂ ನಿಲ್ಲಬಾರದು. ಉರುಳಲು ಶುರುವಾದ ಪ್ಯಾಲೆಟ್ಟನ್ನ ಹಿಡಿಯಲು ಹೋಗಬೇಡಿ, ಬಿಟ್ಟು ಪಕ್ಕಕ್ಕೆ ಜಿಗಿಯಿರಿ.

ನಾರ್ಥಾಂಪ್ಟನ್_ಮಲ್ನಾಡಿಗ

ಎಲ್ಲರಿಗೂ ಥ್ಯಾಂಕ್ಸ್. ಡೆಲಿವರಿ ಬಿಡ್ತೀನಿ, 16ರವರ ಹತ್ತಿರ ರಜೆ ಒಳಗೋ ಹೊರಗೋ ಕೇಳ್ತೀನಿ. ಒಂದೇ ಸಣ್ಣ ಡೌಟು: ಟ್ರೈನಿಂಗ್ ಗಾಡಿಯಲ್ಲಿ ಟೇಲ್ ಲಿಫ್ಟೇ ಇರಲಿಲ್ಲ. ಬಟನ್ ಒತ್ತಿದರೂ ಅಲ್ಲಾಡದಿದ್ದರೆ ಏನು ನೋಡಬೇಕು?

ಓಲ್ಡಾನ್_ರೈಟ್

ಬಹಳ ಸಲ ಐಸೊಲೇಟರ್ (ಲಿಫ್ಟಿನ ಕರೆಂಟ್ ಕಡಿಯೋ ಸ್ವಿಚ್) ಆಫ್ ಆಗಿರುತ್ತೆ ಅಣ್ಣ. ಕ್ಯಾಬ್ ಒಳಗೆ ಡ್ಯಾಶ್ ಮೇಲೆ ಸ್ವಿಚ್ ಇರಬಹುದು, ಇಲ್ಲ ಚಾಸಿಗೆ ಬ್ಯಾಟರಿ ಪೆಟ್ಟಿಗೆ ಹತ್ತಿರ ಕೆಂಪು ಹಿಡಿ, ಕೆಲವದರಲ್ಲಿ ಎರಡೂ. ಕೀ ಕೊಡುವವರನ್ನ ಹೊರಡೋ ಮೊದಲೇ ಕೇಳಿ, ಅಂಗಳದಲ್ಲೇ ಒಂದು ಸಲ ಇಳಿಸಿ ಏರಿಸಿ ನೋಡಿ. ಅದೂ ಸರಿ ಇದ್ದು ಲಿಫ್ಟ್ ನಿಧಾನಕ್ಕೆ ಮುಲುಗುತ್ತಿದ್ದರೆ ಬ್ಯಾಟರಿ ಇಳಿದಿದೆ, ಎಂಜಿನ್ ಓಡಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಹೊರಡುವಾಗ ಮತ್ತೆ ಆಫ್ ಮಾಡಿ.